ಮುನ್ನೂರು ಕವರು

ಆಷಾಢ. ಮದುವೆಗಳಿಲ್ಲ.
ಶಿಡ್ಲಘಟ್ಟದ ನನ್ನ ಪ್ರೆಸ್ಸಿನಲ್ಲಿ
ಗಣಪತಿಯ ಬ್ಲಾಕು ಬೋರಲಾಗಿ ಮಲಗಿದ್ದ ಹೊತ್ತಿಗೆ
ಬಂದ ಇಲಿಯಾಸು,
ಕಂಕುಳಲ್ಲೊಂದು ಚೌಕದ ರಟ್ಟು:
'ಅಕ್ಕಾ, ಇಷ್ಟಗಲ. ಮೂರು ಥರ. ಒಂದೊಂದು ನೂರು.
ಕಾಸು ಮಾತ್ರ ಎರಡು ಕಂತು.'

ಅವನ ರೆಕಾರ್ಡ್ ಕಂಪನಿ ನನಗೆ ಗೊತ್ತು.
ಕಂಪನಿ ಅಂದರೆ ಅವನು, ತಂಗಿ ನೂರ್‌ಜಬೀನ್,
ಎರಡು ಮೈಕು,
ಅಪ್ಪನ ಕಾಲಕ್ಕೇ ನಿಂತುಹೋದ ಫಿಲೇಚರ್ ಶೆಡ್ಡು.
ರೇಷ್ಮೆ ಎಳೆ ಬಿಚ್ಚುತ್ತಿದ್ದ ಬಾಣಲೆಗಳ ಜಾಗದಲ್ಲಿ
ಈಗ ಜಾಜ್ ಬಿಚ್ಚುತ್ತಾರೆ.
ಗೋಡೆಗೆ ಗೋಣಿಚೀಲ, ಅದರ ಮೇಲೆ ಹಳೇ ಚಂದ್ರಂಕಿ,
ಹೋದ ಸದ್ದು ಹಿಂದಿರುಗಿ ಬರಬಾರದೆಂದು.
ಹುಳು ಬೇಯಿಸಿದ ವಾಸನೆ ಮಾತ್ರ
ಇನ್ನೂ ತನ್ನ ಪಾಲು ನುಡಿಸುತ್ತಲೇ ಇದೆ.

ಮೊದಲನೆಯದು 'ಗೂಡು'.
ಚಾಂಪಿಯನ್ ರೀಫ್ಸಿನ ಡೆಸ್ಮಂಡ್ ಅಂಕಲ್
ಆಳೆತ್ತರದ ಬಾಸು ಪಕ್ಕಕ್ಕೆ ನಿಲ್ಲಿಸಿಕೊಂಡು
ಬಸ್ಸಲ್ಲಿ ಬಂದರಂತೆ.
ಅದರ ವಯಸ್ಸು ಕೇಳಿ ಕಂಡಕ್ಟರು
ಹಿರಿಯರ ರಿಯಾಯಿತಿ ಕೊಟ್ಟನಂತೆ.

ಎರಡನೆಯದು 'ಕರೆಂಟ್ ಹೋದ ಮೇಲೆ'.
ನಡುವೆ ದೀಪ ಆರಿ
ನೂರ್‌ಜಬೀನಳ ಕೀಬೋರ್ಡು ಬಾಯಿ ಮುಚ್ಚಿ
ಬ್ಯಾಂಡ್‌ಸೆಟ್ ಮುನಿಪಿಳ್ಳಪ್ಪ ಕತ್ತಲಲ್ಲಿ ಒಬ್ಬನೇ
ಏಳು ನಿಮಿಷ ಕ್ಲಾರಿಯೊನೆಟ್ ಊದಿದ್ದು
ಬ್ಯಾಟರಿಯ ದಯೆಯಿಂದ ಉಳಿದಿದೆ.
ಕೊನೆಗೆ ಫ್ಯಾನು ಗರಗರ ಎದ್ದದ್ದೂ ಇದೆ. ತೆಗೆಯಲಿಲ್ಲ.

ಕೇಳಿದೆ. ಅರ್ಥವಾಯಿತೆಂದರೆ ಸುಳ್ಳು.
ಗೊತ್ತಿದ್ದ ದಾರಿಯಲ್ಲೇ ಹೊರಟವನು
ಕೋಟೆ ಸರ್ಕಲ್ಲಿನಲ್ಲಿ ಎಡಕ್ಕೆ ಬಿಟ್ಟು ಬಲಕ್ಕೆ ಹೊರಳಿ
ಯಾರದೋ ಹಿತ್ತಿಲು ಹೊಕ್ಕು, ಕೋಳಿ ಎಬ್ಬಿಸಿ,
ಬೈಸಿಕೊಂಡು, ನಕ್ಕು,
ಕಡೆಗೆ ನಮ್ಮ ಬಾಗಿಲಲ್ಲೇ ನಿಂತು
ಒಂದು ಲೋಟ ನೀರು ಕೇಳಿದ ಹಾಗಿತ್ತು.

ಮೂರನೆಯದಕ್ಕೆ ಇನ್ನೂ ಹೆಸರಿಟ್ಟಿಲ್ಲ.

ತಪ್ಪು ನನ್ನದೇ. ಮದುವೆ ಫಾರಮ್ಮು ಬಿಚ್ಚದೆ
ಅದರೊಳಗೇ 'ಗೂಡು' ಕೂರಿಸಿದ್ದೆ.
ನೂರೂ ಕವರಿನ ಬೆನ್ನಿಗೆ, ಕೆಳತುದಿಗೆ,
ಅಂಚಿನ ಬಳ್ಳಿಯ ಸಮೇತ:
ಆಶೀರ್ವಾದವೇ ಉಡುಗೊರೆ.
ಇಲಿಯಾಸು ಓದಿದ. ಇನ್ನೊಮ್ಮೆ ಓದಿದ.
'ಇರಲಿ ಬಿಡಕ್ಕಾ. ಹೋದ ಸಲ ಮಾರಿದ್ದು ನಲವತ್ತೊಂದು.
ಇದ್ದದ್ದನ್ನೇ ಅಚ್ಚು ಹಾಕಿದ್ದೀಯ.'

ಸಂಜೆ ಮುನಿಪಿಳ್ಳಪ್ಪ ಬಂದ.
ಚಪ್ಪಲಿ ಹೊರಗೆ ಬಿಟ್ಟ, ಬೇಡವೆಂದರೂ.
'ಹೆಸರು ಹಾಕಿದ್ದೀರಂತೆ. ನೋಡ್ಬೋದಾ?'

ಆಗ ತಟ್ಟಿತು.
ಇಪ್ಪತ್ತೆರಡು ವರ್ಷ ಈ ಟ್ರೆಡಲ್ ತುಳಿದಿದ್ದೇನೆ.
ಸೋದರಮಾವಂದಿರು, ಬೀಗರು, ಬೀಗರ ಬೀಗರು,
'ನಮ್ಮತ್ತೆ ಮದ್ವೆಗೆ ತಪ್ದೇ ಬನ್ನಿ' ಎಂದು ತೊದಲುವ
ಹಲ್ಲು ಬಾರದ ಕೂಸುಗಳು,
ಛತ್ರದ ಫೋನ್ ನಂಬರು, ಶಾಮಿಯಾನದವನು ಸಹ.
ಮೆರವಣಿಗೆಯ ಮುಂದೆ ಊದುತ್ತ ಬೆವತವನ ಹೆಸರು?
ಆ ಮೊಳೆ ಜೋಡಿಸಿದ ನೆನಪು
ನನ್ನ ಬೆರಳಿಗಿಲ್ಲ.
ನನ್ನ ಮದುವೆಗೆ ಊದಿದವನೂ ಅವನೇ.

ಪ್ರೂಫು ಕೊಟ್ಟೆ. ದೂರ ಹಿಡಿದ, ಹತ್ತಿರ ಹಿಡಿದ.
ಮು, ನಿ, ಪಿ. ಒತ್ತಿನ ಹತ್ತಿರ ತುಸು ನಿಂತ,
ಉಸಿರು ಎಲ್ಲಿ ಎಳೆಯಬೇಕೆಂದು ನೋಡುವವನಂತೆ.
'ಅಕ್ಷರ ಒಂಚೂರು ಸಣ್ಣ ಮಾಡಮ್ಮ.
ಇಷ್ಟು ದೊಡ್ಡಕ್ಕೆ ಹಾಕೋದು
ಹನ್ನೊಂದನೇ ದಿನದ ಕಾರ್ಡಲ್ಲಿ ಮಾತ್ರ.'

ನಗು ಬಂತು, ನಗಲಾಗಲಿಲ್ಲ.
ಒಂದು ಅಳತೆ ಇಳಿಸಿ ಮತ್ತೆ ಜೋಡಿಸಿ
ಹೊಸ ಕವರು ಎಳೆದು ಕೈಗಿಟ್ಟೆ.
'ಹುಷಾರು, ಮಸಿ ಹಸಿ ಇದೆ.'

ಅವನು ಕಣ್ಣು ಮುಚ್ಚಿ
ತನ್ನ ಹೆಸರಿನ ಮೇಲೆ
ಮೆಲ್ಲಗೆ ಊದಿದ.